ಅಂಗೈಯಗಲದ ಗಿಟಾರ್ ಆಂಪ್, ಅದೇ ಡಿಸ್ಟಾರ್ಷನ್ ಪೆಡಲ್

ಪ್ರಶ್ನೆ: ಸದ್ದು ಹೆಚ್ಚಿಸುವ ಎಲ್‌ಎಂ386 ಚಿಪ್ ಬಳಸಿ 9 ವೋಲ್ಟ್‌ನ ಪುಟ್ಟ ಗಿಟಾರ್ ಆಂಪ್ (ಆಂಪ್ಲಿಫೈಯರ್) ಕಟ್ಟಬೇಕೆಂದಿದ್ದೇನೆ. ಕಾಲೇಜಿನ ಕಾರ್ಯಕ್ರಮದಲ್ಲಿ ಅದನ್ನೇ ದೊಡ್ಡ ಆಂಪ್‌ನ ಮುಂದೆ ಡಿಸ್ಟಾರ್ಷನ್ ಪೆಡಲ್ (ದನಿಯನ್ನು ಬೇಕೆಂದೇ ಒಡೆದು ಗಡುಸಾಗಿಸುವ ಪೆಟ್ಟಿಗೆ) ಮಾಡಿಕೊಳ್ಳಬಹುದೇ? ಸ್ಪೀಕರ್ ತಂತಿಯನ್ನೇ ಜ್ಯಾಕ್‌ಗೆ ಕೊಟ್ಟರೆ ಸಾಲದೇ?
— ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಮಾಡಿಕೊಳ್ಳಬಹುದು, ಆದರೆ ಸ್ಪೀಕರ್ ತಂತಿಯನ್ನು ನೇರವಾಗಿ ಕೊಡಬೇಡಿ. ಗೇನ್ (ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು) ಏರಿಸಿದಾಗ ಚಿಪ್ಪಿನಿಂದ 6–7 ವೋಲ್ಟ್ ಪೀಕ್-ಟು-ಪೀಕ್ ಹೊರಬರುತ್ತದೆ. ಅಷ್ಟನ್ನು ತಾಳುವಂತೆ ದೊಡ್ಡ ಆಂಪ್‌ನ ಇನ್‌ಪುಟ್ ಮಾಡಿರುವುದಿಲ್ಲ. ಮೇಲಾಗಿ ಪ್ಲಗ್ ಸಿಕ್ಕಿಸುವಾಗ ತುದಿ ಒಂದು ಕ್ಷಣ ಗ್ರೌಂಡ್‌ಗೆ ತಾಗಿದರೂ ಔಟ್‌ಪುಟ್ ಶಾರ್ಟ್ ಆಗುತ್ತದೆ. ಸ್ಪೀಕರ್ ತಂತಿಯಿಂದ ಒಂದು 47 ಕಿಲೋ ಓಮ್ ರೆಸಿಸ್ಟರ್, ಅದರಾಚೆ ಗ್ರೌಂಡ್‌ಗೆ 10 ಕಿಲೋ ಓಮ್ ಲಾಗ್ ಪಾಟ್ (ವಾಲ್ಯೂಮ್‌ನಂತೆ ತಿರುಗಿಸುವ, ಮೂರು ಕಾಲಿನ ರೆಸಿಸ್ಟರ್). ಪಾಟ್‌ನ ನಡುಗಾಲು ಜ್ಯಾಕ್‌ಗೆ. ಇಷ್ಟರಿಂದ ಎರಡೂ ತೊಂದರೆ ತಪ್ಪುತ್ತವೆ, ಸಿಗ್ನಲ್ 1.2 ವೋಲ್ಟ್‌ನ ಆಸುಪಾಸಿಗೆ ಇಳಿಯುತ್ತದೆ. ಪಾಟ್‌ನ ಎರಡು ಹೊರಗಾಲುಗಳ ನಡುವೆ 4.7 ನ್ಯಾನೊಫ್ಯಾರಡ್ ಕೆಪಾಸಿಟರ್ ಹಾಕಲೇಬೇಕು. ಚಿಪ್ ಅಲೆಯನ್ನು ಚೌಕಾಕಾರಕ್ಕೆ ಕತ್ತರಿಸುವಾಗ ಹುಟ್ಟುವ ಕರಕರ ಸದ್ದನ್ನು ಪುಟ್ಟ ಸ್ಪೀಕರ್ ತಾನೇ ನುಂಗಿಬಿಡುತ್ತದೆ. ಕಾರ್ಯಕ್ರಮದ ಮಿಕ್ಸರ್‌ಗೆ ಕೊಟ್ಟಾಗ ಅದು ಪೂರ್ತಿ ಹೊರಬೀಳುತ್ತದೆ. ಈ ಕೆಪಾಸಿಟರ್ ಸುಮಾರು 4 ಕಿಲೋಹರ್ಟ್ಸ್‌ನ ಮೇಲಿನದನ್ನು ತಗ್ಗಿಸುತ್ತದೆ.

ಸ್ಪೀಕರ್ ತಂತಿಯ ನಡುವೆ ಒಂದು ಆನ್–ಆಫ್ ಸ್ವಿಚ್ ಇರಲಿ. ಪೆಡಲ್ ಆಗಿ ನುಡಿಸುವಾಗ ಅದನ್ನು ಆಫ್ ಮಾಡಿ. ಸ್ಪೀಕರ್ ಬದಲಿಗೆ ಡಮ್ಮಿ ಲೋಡ್ (ಸ್ಪೀಕರ್‌ನ ಜಾಗಕ್ಕೆ ಹಾಕುವ ರೆಸಿಸ್ಟರ್) ಬೇಕೆಂದು ಕೆಲವರು ಹೇಳುತ್ತಾರೆ. ಈ ಚಿಪ್ಪಿಗೆ ಬೇಡ, ಬ್ಯಾಟರಿಗೆ ದಂಡ.

ಇನ್ನು ಮುಂಭಾಗ. ಚಿಪ್‌ನ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಬರೀ 50 ಕಿಲೋ ಓಮ್. ಪಿಕಪ್ ಅನ್ನು (ಗಿಟಾರ್ ತಂತಿಯ ಕಂಪನವನ್ನು ಸಿಗ್ನಲ್ ಆಗಿಸುವ ಭಾಗ) ನೇರ ಜೋಡಿಸಿದರೆ ತಾರ ಸ್ವರಗಳು ಮಂಕಾಗುತ್ತವೆ, ಪೀಜೋ ಪಿಕಪ್ ಆದರಂತೂ ದನಿಯೇ ಸೊರಗುತ್ತದೆ. ಆದ್ದರಿಂದ ಮೊದಲು ಒಂದು ಜೆಫೆಟ್ ಬಫರ್ (ಜೆಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರ್‌ನಿಂದ, ಪಿಕಪ್‌ಗೆ ಹೊರೆಯಾಗದಂತೆ ಸಿಗ್ನಲ್ ದಾಟಿಸುವ ಹಂತ). ಜೆ201 ಹುಡುಕಿ ಅಲೆಯಬೇಡಿ; ಇಂಜಿನಿಯರಿಂಗ್ ಲ್ಯಾಬ್‌ಗಳಿಗೆ ಬಿಡಿಭಾಗ ಮಾರುವ ಅಂಗಡಿಯಲ್ಲಿ ಬಿಎಫ್‌ಡಬ್ಲ್ಯು10 ಕೇಳಿ. ಅದರ ಕಾಲುಗಳು ಹೀಗೆ: ಗಿಟಾರ್ ಜ್ಯಾಕ್ ಗೇಟ್‌ಗೆ, ಗೇಟ್‌ನಿಂದ ಗ್ರೌಂಡ್‌ಗೆ 1 ಮೆಗಾ ಓಮ್, ಡ್ರೇನ್ 9 ವೋಲ್ಟ್‌ಗೆ, ಸೋರ್ಸ್‌ನಿಂದ ಗ್ರೌಂಡ್‌ಗೆ 4.7 ಕಿಲೋ ಓಮ್. ಅದರ ನಾಲ್ಕನೆಯ ಕಾಲು ಲೋಹದ ಕವಚದ್ದು, ಗ್ರೌಂಡ್‌ಗೆ ಸೇರಿಸಿ. ಮೀಟರ್ ಸೋರ್ಸ್ ಮೇಲೆ 2ರಿಂದ 5 ವೋಲ್ಟ್ ತೋರಿಸಿದರೆ ಸರಿಯಿದೆ.

ಸೋರ್ಸ್‌ನಿಂದ 47 ನ್ಯಾನೊಫ್ಯಾರಡ್ ಮೂಲಕ 10 ಕಿಲೋ ಓಮ್ ವಾಲ್ಯೂಮ್ ಪಾಟ್‌ಗೆ, ಅದರ ನಡುಗಾಲು ಚಿಪ್‌ನ 3ನೇ ಪಿನ್‌ಗೆ. 2 ಮತ್ತು 4 ಗ್ರೌಂಡ್‌ಗೆ, 6 ಬ್ಯಾಟರಿಯ ಪ್ಲಸ್‌ಗೆ. 47 ನ್ಯಾನೊ ಕಡಿಮೆಯಾಯಿತೆಂದು ಹೆಚ್ಚಿಸಬೇಡಿ: ಮಂದ್ರ ಹೆಚ್ಚಾದಷ್ಟೂ ಡಿಸ್ಟಾರ್ಷನ್ ರಾಡಿಯಾಗುತ್ತದೆ. 1 ಮತ್ತು 8ರ ನಡುವೆ 10 ಮೈಕ್ರೊಫ್ಯಾರಡ್ ಹಾಗೂ 5 ಕಿಲೋ ಓಮ್ ಪಾಟ್ ಸರಣಿಯಲ್ಲಿ, ಕೆಪಾಸಿಟರ್‌ನ ಪ್ಲಸ್ 1ರ ಕಡೆ. ಪಾಟ್ ಸೊನ್ನೆಗೆ ಬಂದಾಗ ಗೇನ್ 200. ಈ ಕೊಂಡಿಯೇ ಇಲ್ಲದಿದ್ದರೆ 20. 5ನೇ ಪಿನ್‌ನಿಂದ 220 ಮೈಕ್ರೊಫ್ಯಾರಡ್ ದಾಟಿ 8 ಓಮ್ ಸ್ಪೀಕರ್. 47 ಕಿಲೋ ಓಮ್ ಕವಲನ್ನೂ ಈ ಕೆಪಾಸಿಟರ್ ಆಚೆಯಿಂದಲೇ, ಸ್ವಿಚ್‌ಗೆ ಮೊದಲು ತೆಗೆಯಿರಿ. 4 ಓಮ್ ಸ್ಪೀಕರ್ ಹಾಕಿದರೆ ಚಿಪ್ ಕಾಯುತ್ತದೆ. ಟಿವಿ ರಿಪೇರಿ ಅಂಗಡಿಯ ಹಳೆಯ 8 ಓಮ್ ಸ್ಪೀಕರ್ ದೊಡ್ಡದಿದ್ದಷ್ಟೂ ಒಳ್ಳೆಯದು. ಅರ್ಧ ವಾಟ್‌ನಿಂದ ಎಷ್ಟು ಸದ್ದು ಬರುತ್ತದೆಂದು ಅಚ್ಚರಿಯಾಗುತ್ತದೆ.

ಪ್ರಶ್ನೆ: ಕಟ್ಟಿದ್ದಾಯಿತು. ಗೇನ್ ಪೂರ್ತಿ ಏರಿಸಿದರೆ ಕೀರಲು ಸದ್ದು, ನಡುವೆ ರೇಡಿಯೊ ವಾರ್ತೆ ಬೇರೆ!
— ಓದುಗರು, ಜಮಖಂಡಿ

ಉತ್ತರ: ಎರಡಕ್ಕೂ ಕಾರಣ ಬೇರೆ. ಕೀರಲು ಬರುವುದು ಔಟ್‌ಪುಟ್ ಇನ್‌ಪುಟ್‌ಗೆ ಮರಳಿ ಸೋರುವುದರಿಂದ. 6ನೇ ಪಿನ್‌ನ ಬುಡದಲ್ಲೇ 100 ಮೈಕ್ರೊಫ್ಯಾರಡ್ ಮತ್ತು 0.1 ಮೈಕ್ರೊಫ್ಯಾರಡ್, 7ರಿಂದ ಗ್ರೌಂಡ್‌ಗೆ 10 ಮೈಕ್ರೊಫ್ಯಾರಡ್, 5ರಿಂದ ಗ್ರೌಂಡ್‌ಗೆ 47 ನ್ಯಾನೊಫ್ಯಾರಡ್ ಜೊತೆ ಸರಣಿಯಲ್ಲಿ 10 ಓಮ್ ಇವೆಯೇ ನೋಡಿ. ಇನ್‌ಪುಟ್ ತಂತಿ ಸ್ಪೀಕರ್ ತಂತಿಯ ಪಕ್ಕ ಹಾದಿದ್ದರೆ ಬೇರೆ ಮಾಡಿ. ಬುಡುಬುಡು ಸದ್ದಾದರೆ ಬ್ಯಾಟರಿ ಬಡವಾಗಿದೆ.

ರೇಡಿಯೊ ಬರುವುದು ಉದ್ದ ತಂತಿ ಮೀಡಿಯಂ ವೇವ್ ಅನ್ನು ಹಿಡಿಯುವುದರಿಂದ. ಜ್ಯಾಕ್‌ನಿಂದ ಗೇಟ್‌ಗೆ ಹೋಗುವ ದಾರಿಯಲ್ಲಿ 10 ಕಿಲೋ ಓಮ್, ಗೇಟ್‌ನಿಂದ ಗ್ರೌಂಡ್‌ಗೆ 100 ಪಿಕೊಫ್ಯಾರಡ್ ಹಾಕಿ. ಪ್ಲಾಸ್ಟಿಕ್ ಡಬ್ಬಿ ಬಿಟ್ಟು ಸ್ಟೀಲ್ ಡಬ್ಬಿಗೆ ಕೂಡಿಸಿ. ಡಬ್ಬಿ ಜ್ಯಾಕ್‌ನ ನಟ್ ಮೂಲಕ ಗ್ರೌಂಡ್ ಆಗಲಿ.

ಪ್ರಶ್ನೆ: ಬ್ಯಾಟರಿ ಬೇಗ ಮುಗಿಯುತ್ತದೆ. ವೈಫೈ ರೂಟರ್‌ನ ಅಡಾಪ್ಟರ್ ಹಾಕಬಹುದೇ?
— ಓದುಗರು, ವಿಜಯಪುರ

ಉತ್ತರ: 12 ವೋಲ್ಟ್‌ನದು ಬೇಡ; ಎಲ್‌ಎಂ386ಎನ್-1ಕ್ಕೆ ಅದೇ ಕೊನೆಯ ಮಿತಿ. 9 ವೋಲ್ಟ್‌ನದಾದರೂ ರೂಟರ್ ಅಡಾಪ್ಟರ್‌ನಲ್ಲಿ ಸಾಮಾನ್ಯವಾಗಿ ನಡುವೆ ಪ್ಲಸ್ ಇರುತ್ತದೆ, ಪೆಡಲ್ ಅಡಾಪ್ಟರ್‌ಗಳಲ್ಲಿ ನಡುವೆ ಮೈನಸ್. ತಿರುಗುಮುರುಗಾದರೆ ಚಿಪ್ ಸುಡುತ್ತದೆ, ಪ್ಲಸ್ ತಂತಿಯಲ್ಲಿ 1ಎನ್5819 ಡಯೋಡ್ ಹಾಕಿಕೊಳ್ಳಿ. ನಮ್ಮ ಸಲಹೆ: ಚಪ್ಪಟೆ ಬ್ಯಾಟರಿಯ ಬದಲು ಹೋಲ್ಡರ್‌ನಲ್ಲಿ ಆರು ಪೆನ್‌ ಸೆಲ್. ಅಡಾಪ್ಟರ್‌ನ ಗೊರಗುಟ್ಟುವಿಕೆಯೂ ಇರದು. ಇನ್‌ಪುಟ್‌ಗೆ ಸ್ಟೀರಿಯೊ ಜ್ಯಾಕ್ ಹಾಕಿ ಬ್ಯಾಟರಿಯ ಮೈನಸ್ ಅನ್ನು ಅದರ ರಿಂಗ್ ಕಾಲಿಗೆ (ಪ್ಲಗ್ ಸಿಕ್ಕಿಸಿದಾಗ ಮಾತ್ರ ಗ್ರೌಂಡ್‌ಗೆ ಸೇರುವ ಕಾಲು) ಕೊಡಿ. ಗಿಟಾರ್ ಕೇಬಲ್ ಕಿತ್ತ ಕೂಡಲೇ ಆಂಪ್ ಆಫ್ ಆಗುತ್ತದೆ.