ಹೊಸ ಸ್ಪಾರ್ಕ್ ಪ್ಲಗ್ ಹಾಕಿದ್ರೂ ಮತ್ತೆ ಆಯಿಲ್ ಮೆತ್ಕೊಳ್ತಿದ್ಯಾ?

ಪ್ರಶ್ನೆ: ಸರ್, ನಂದು ನಾಲ್ಕು ಸಿಲಿಂಡರ್ ಪೆಟ್ರೋಲ್ ಕಾರು, 1,80,000 ಕಿ.ಮೀ. ಓಡಿದೆ. ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಮಿಸ್ ಹೊಡೆಯುತ್ತೆ, ಒಂದು ಸಲ ನೀಲಿ ಹೊಗೆ ಬರುತ್ತೆ, ಆಮೇಲೆ ಸರಿಹೋಗುತ್ತೆ. ಬಿಚ್ಚಿ ನೋಡಿದ್ರೆ ಮೂರನೇ ಸಿಲಿಂಡರ್ ಪ್ಲಗ್ ಮಾತ್ರ ಕಪ್ಪಗೆ ಆಯಿಲ್ ಮೆತ್ಕೊಂಡಿರುತ್ತೆ. ಹೊಸದು ಹಾಕಿದ್ರೆ ಕೆಲವು ವಾರ ಚೆನ್ನಾಗಿರುತ್ತೆ, ಮತ್ತೆ ಅದೇ ಕಥೆ. ಒಬ್ಬ ಮೆಕ್ಯಾನಿಕ್ ಎಂಜಿನ್ ಇಳಿಸಿ ಬೋರ್ ಮಾಡಿಸಿ (ಸಿಲಿಂಡರ್ ಒಳಗೋಡೆ ಕೊರೆಸಿ) ಅಂತಾರೆ, ಇನ್ನೊಬ್ರು ಹಾಟ್ ಪ್ಲಗ್ (ತುದಿ ಜಾಸ್ತಿ ಬಿಸಿಯಾಗೋ ಪ್ಲಗ್) ಹಾಕಿ ಸಾಕು ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರದ್ದೂ ಬೇಡ. ಆಯಿಲ್ ಎಲ್ಲಿಂದ ಬರ್ತಿದೆ ಅಂತ ಗೊತ್ತಾಗದೆ ಪ್ಲಗ್ ಬದಲಾಯಿಸೋದೂ ದಂಡ, ಎಂಜಿನ್ ಇಳಿಸೋದಂತೂ ಇನ್ನೂ ದೊಡ್ಡ ದಂಡ.

ಮೊದಲು ಆಯಿಲ್ ಪ್ಲಗ್‌ನ ಯಾವ ಭಾಗದಲ್ಲಿದೆ ನೋಡಿ. ಮೇಲ್ಗಡೆ ಬಿಳಿ ಪಿಂಗಾಣಿ, ಥ್ರೆಡ್ ಮೇಲ್ಭಾಗ, ಕಾಯಿಲ್‌ನ ರಬ್ಬರ್ ಬೂಟ್ ಇಷ್ಟೇ ಒದ್ದೆಯಾಗಿ ಕೆಳಗೆ ತುದಿ ಒಣಗಿದ್ರೆ ಎಂಜಿನ್ ಒಳಗೆ ಏನೂ ಆಗಿಲ್ಲ, ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಅಥವಾ ಪ್ಲಗ್ ಕೂರೋ ಕೊಳವೆಯ ಸೀಲ್ ಹೋಗಿ ಆಯಿಲ್ ಆ ಗುಂಡಿಗೆ ಇಳೀತಿದೆ ಅಷ್ಟೇ, ಅದು ಚಿಕ್ಕ ಕೆಲಸ. ಗುಂಡೀಲಿ ಆಯಿಲ್ ನಿಂತಿದ್ರೆ ಮೊದಲು ಬಟ್ಟೆಯಲ್ಲೋ ಸಿರಿಂಜ್‌ನಲ್ಲೋ ಎತ್ತಿಬಿಡಿ, ಇಲ್ಲಾಂದ್ರೆ ಪ್ಲಗ್ ಬಿಚ್ಚಿದ ತಕ್ಷಣ ಅದೆಲ್ಲಾ ಸಿಲಿಂಡರ್ ಒಳಗೆ ಬೀಳುತ್ತೆ, ಆಮೇಲೆ ತುದಿಯೂ ಒದ್ದೆ, ನೀವು ನೋಡಿ ಗಾಬರಿ ಆಗ್ತೀರ. ಆಯಿಲ್‌ನಲ್ಲಿ ನೆಂದು ಉಬ್ಬಿರೋ ಬೂಟ್ ಕೂಡ ಬದಲಾಯಿಸಿ, ಕರೆಂಟ್ ಅಲ್ಲೇ ಸೋರಿ ಮಿಸ್ ಹೊಡೆಯುತ್ತೆ.

ತುದಿಯೇ ಒದ್ದೆ ಇದ್ರೆ ಬೆರಳಲ್ಲಿ ಉಜ್ಜಿ ನೋಡಿ. ಪೆಟ್ರೋಲ್ ಆದ್ರೆ ವಾಸನೆ ಹೊಡೆದು ಬೇಗ ಆರಿಹೋಗುತ್ತೆ, ಅಂದ್ರೆ ಕಿಡಿ ಸರಿಯಾಗಿ ಬರ್ತಿಲ್ಲ ಅಥವಾ ಇಂಜೆಕ್ಟರ್ ಸೋರ್ತಿದೆ. ಒಣ ಮಸಿ ಪುಡಿ ಥರ ಇದ್ರೆ ಪೆಟ್ರೋಲ್ ಜಾಸ್ತಿ ಉರೀತಿದೆ ಅಥವಾ ಬರೀ ಹತ್ತಿರದ ಓಡಾಟದಲ್ಲಿ ಎಂಜಿನ್ ಬಿಸಿಯೇ ಆಗ್ತಿಲ್ಲ. ಹೊಳೆಯೋ ಕಪ್ಪು, ಜಾರೋ ಜಿಡ್ಡು ಇದ್ರೆ ಮಾತ್ರ ಅದು ಆಯಿಲ್.

ನೀವು ಹೇಳಿದ ಲಕ್ಷಣ ನೋಡಿದ್ರೆ ನನಗೆ ಅನುಮಾನ ವಾಲ್ವ್ ಸ್ಟೆಮ್ ಸೀಲ್ ಮೇಲೆ, ಅಂದ್ರೆ ವಾಲ್ವ್ ಕಡ್ಡಿ ಸುತ್ತ ಆಯಿಲ್ ತಡೆಯೋ ರಬ್ಬರ್ ಮೇಲೆ. ವರ್ಷಗಟ್ಟಲೆ ಬಿಸಿಗೆ ಆ ರಬ್ಬರ್ ಗಟ್ಟಿಯಾಗುತ್ತೆ, ರಾತ್ರಿಯೆಲ್ಲಾ ಗಾಡಿ ನಿಂತಿದ್ದಾಗ ಹೆಡ್ ಮೇಲಿರೋ ಆಯಿಲ್ ವಾಲ್ವ್ ಗೈಡ್ ಸಂದಿಂದ ತೊಟ್ಟಿಕ್ಕಿ ಕೆಳಗಿಳಿಯುತ್ತೆ, ಬೆಳಗ್ಗೆ ಅದೇ ಹೊಗೆ. ಸಿಗ್ನಲ್‌ನಲ್ಲಿ ತುಂಬಾ ಹೊತ್ತು ಐಡಲ್ ನಿಂತು ಹೊರಟಾಗ, ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟು ಬಂದು ಮತ್ತೆ ಒತ್ತಿದಾಗ ನೀಲಿ ಹೊಗೆ ಬಂದ್ರೂ ಕಾರಣ ಹೆಚ್ಚಾಗಿ ಅದೇ, ಯಾಕಂದ್ರೆ ಥ್ರಾಟಲ್ ಮುಚ್ಚಿದ್ದಾಗ ಇಂಟೇಕ್‌ನಲ್ಲಿ ನಿರ್ವಾತ ಜಾಸ್ತಿ ಆಗಿ ಆಯಿಲ್ ಎಳ್ಕೊಳ್ಳುತ್ತೆ. ಗಾಡಿ ಎಳೆಯೋವಾಗ, ಏರಲ್ಲಿ, ಲೋಡಲ್ಲಿ ಹೊಗೆ ಬಿಡದೇ ಬರ್ತಿದ್ರೆ ಆಗ ಪಿಸ್ಟನ್ ಸುತ್ತ ಇರೋ ರಿಂಗ್ ಕಡೆ ನೋಡ್ಬೇಕು. ನಾಲ್ಕೂ ಪ್ಲಗ್ ಹೆಚ್ಚುಕಮ್ಮಿ ಒಂದೇ ಥರ ಒದ್ದೆ ಇದ್ದಿದ್ರೆ ನಾನು ಮೊದಲು ಪಿಸಿವಿ ವಾಲ್ವ್ (ಎಂಜಿನ್ ಕೆಳಭಾಗದ ಆವಿಯನ್ನ ಇಂಟೇಕ್ ಕಡೆ ಬಿಡೋ ವಾಲ್ವ್) ನೋಡ್ತಿದ್ದೆ, ಅದು ಕಟ್ಟಿಕೊಂಡ್ರೆ ಕ್ರ್ಯಾಂಕ್‌ಕೇಸ್ ಒಳಗೆ ಒತ್ತಡ ಏರುತ್ತೆ, ತೆರೆದೇ ಉಳಿದ್ರೆ ಆಯಿಲ್ ಆವಿ ಇಂಟೇಕ್‌ಗೆ ಹೋಗುತ್ತೆ. ನಿಮ್ಮದು ಒಂದೇ ಸಿಲಿಂಡರ್ ಆದ್ರೂ ನೋಡಿಬಿಡಿ, ಖರ್ಚು ಕಮ್ಮಿ. ಆಯಿಲ್ ಲೆವೆಲ್ ಮ್ಯಾಕ್ಸ್ ಗೆರೆ ದಾಟಿದ್ಯಾ ಅದನ್ನೂ ನೋಡಿ, ಟಾಪ್ ಅಪ್ ಮಾಡೋ ಉತ್ಸಾಹದಲ್ಲಿ ಜಾಸ್ತಿ ಸುರಿಯೋರು ಕಮ್ಮಿ ಇಲ್ಲ.

ಇಷ್ಟಾದ ಮೇಲೆ ಕಂಪ್ರೆಷನ್ ಟೆಸ್ಟ್, ಅಂದ್ರೆ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತೆ ಅಂತ ಗೇಜ್ ಹಾಕಿ ನೋಡೋದು. ಎಂಜಿನ್ ಬಿಸಿ ಇರಲಿ, ಎಲ್ಲಾ ಪ್ಲಗ್ ಬಿಚ್ಚಿ, ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಷನ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಕ್ರ್ಯಾಂಕ್ ಮಾಡ್ಬೇಕು. ಮೂರನೇದು ಉಳಿದವಕ್ಕಿಂತ ತುಂಬಾ ಕಮ್ಮಿ ಬಂದ್ರೆ ಒಂದು ಚಮಚದಷ್ಟು ಎಂಜಿನ್ ಆಯಿಲ್ ಪ್ಲಗ್ ತೂತಲ್ಲಿ ಹಾಕಿ ಮತ್ತೆ ನೋಡಿ, ಪ್ರೆಷರ್ ಚೆನ್ನಾಗಿ ಏರಿದ್ರೆ ರಿಂಗ್ ಅಥವಾ ಬೋರ್ ಸವೆದಿದೆ, ಹಾಗೇ ಇದ್ರೆ ವಾಲ್ವ್ ಸರಿಯಾಗಿ ಕೂರ್ತಿಲ್ಲ. ಇಲ್ಲಿ ತುಂಬಾ ಜನ ಮೋಸ ಹೋಗೋ ಒಂದು ವಿಷಯ ಇದೆ. ಕಂಪ್ರೆಷನ್ ಹಿಡಿಯೋದು ಮೇಲಿನ ರಿಂಗ್‌ಗಳು, ಆಯಿಲ್ ಕೆರೆದು ಕೆಳಗೆ ಕಳಿಸೋದು ಕೆಳಗಿನ ಆಯಿಲ್ ರಿಂಗ್. ಆ ಆಯಿಲ್ ರಿಂಗ್ ಕಾರ್ಬನ್ ಕಟ್ಟಿ ಅಂಟ್ಕೊಂಡಿದ್ರೆ ಕಂಪ್ರೆಷನ್ ಪಕ್ಕಾ ಬರುತ್ತೆ, ಎಂಜಿನ್ ಮಾತ್ರ ಆಯಿಲ್ ಕುಡೀತಾನೇ ಇರುತ್ತೆ! ಅಷ್ಟೇ ಅಲ್ಲ, ಒಳಗೆ ಆಯಿಲ್ ತುಂಬಿರೋ ಸಿಲಿಂಡರ್ ರೀಡಿಂಗ್ ಜಾಸ್ತಿನೂ ತೋರಿಸಬಹುದು. ಅದಕ್ಕೇ ಕಂಪ್ರೆಷನ್ ಚೆನ್ನಾಗಿದೆ ಅಂದ ಮಾತ್ರಕ್ಕೆ ರಿಂಗ್ ಸರಿ ಇದೆ ಅಂತ ಬರೆದುಕೊಡಕ್ಕಾಗಲ್ಲ, ಹೊಗೆ ಯಾವಾಗ ಬರುತ್ತೆ ಅನ್ನೋದನ್ನೂ ಜೊತೆಗಿಟ್ಟು ನೋಡ್ಬೇಕು.

ಸೀಲ್ ಅಂತ ಗೊತ್ತಾದ್ರೆ ಎಂಜಿನ್ ಇಳಿಸೋದು ಬೇಡವೇ ಬೇಡ, ಸುಮಾರು ಎಂಜಿನ್‌ಗಳಲ್ಲಿ ಹೆಡ್ ಕೂಡ ಬಿಚ್ಚದೆ, ಪ್ಲಗ್ ತೂತಿಂದ ಗಾಳಿ ಒತ್ತಡ ಕೊಟ್ಟು ವಾಲ್ವ್ ಕೆಳಗೆ ಬೀಳದ ಹಾಗೆ ಹಿಡಿದು, ಸ್ಪ್ರಿಂಗ್ ತೆಗೆದು ಸೀಲ್ ಬದಲಾಯಿಸಬಹುದು. ಆದ್ರೆ ಗೈಡೇ ಸವೆದು ವಾಲ್ವ್ ಅಲ್ಲಾಡ್ತಿದ್ರೆ ಹೊಸ ಸೀಲ್ ಬಾಳಿಕೆ ಬರಲ್ಲ, ಆಗ ಹೆಡ್ ಇಳಿಸಲೇಬೇಕು.

ಇನ್ನು ಹಾಟ್ ಪ್ಲಗ್. ಪ್ಲಗ್ ತುದಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಿಸಿಯಾದ್ರೆ ಮಸಿ ತಾನೇ ಸುಟ್ಟುಹೋಗುತ್ತೆ, ಹಾಟ್ ಪ್ಲಗ್ ಆ ಬಿಸಿಗೆ ಬೇಗ ತಲುಪುತ್ತೆ, ಆದ್ದರಿಂದ ಕೆಲಸ ಮಾಡೋದು ನಿಜ. ಆಯಿಲ್ ನಿಲ್ಲಲ್ಲ ಅನ್ನೋದೂ ಅಷ್ಟೇ ನಿಜ. ರಿಪೇರಿಗೆ ಟೈಮ್ ಬೇಕು ಅಂದ್ರೆ ಒಂದೇ ಒಂದು ಹೆಜ್ಜೆ ಹಾಟ್ ಹಾಕಿ, ಜಾಸ್ತಿ ಬೇಡ, ತುದಿ ಅತಿಯಾಗಿ ಕಾದ್ರೆ ಕಿಡಿಗೂ ಮುಂಚೆ ಪೆಟ್ರೋಲ್ ಹತ್ಕೊಂಡು ಪಿಸ್ಟನ್ನೇ ತೂತಾಗಬಹುದು, ಟರ್ಬೊ ಎಂಜಿನ್‌ನಲ್ಲಂತೂ ಈ ಆಟ ಬೇಡ. ಅಂಗಡೀಲಿ ಕೇಳೋವಾಗ ಜೋಪಾನ, ಎನ್‌ಜಿಕೆಯಲ್ಲಿ ಬಿಸಿ ಸೂಚಿಸೋ ನಂಬರ್ ಕಮ್ಮಿ ಆದಷ್ಟೂ ಹಾಟ್, ಬಾಷ್‌ನಲ್ಲಿ ಉಲ್ಟಾ.

ಚೆಕ್ ಎಂಜಿನ್ ಲೈಟ್ ಮಿಣುಕ್ತಿದ್ರೆ ಗಾಡಿ ಹಾಗೇ ಓಡಿಸಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಪೈಪಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು ಅದನ್ನ ಕರಗಿಸಿಬಿಡುತ್ತೆ.

ಪ್ರಶ್ನೆ: ದಪ್ಪ ಆಯಿಲ್ ಹಾಕಿದ್ರೆ ಕಮ್ಮಿ ಆಗಲ್ವಾ?

ಉತ್ತರ: ಸ್ವಲ್ಪ ಆಗಬಹುದು. 5ಡಬ್ಲ್ಯೂ-30 ಹಾಕ್ತಿದ್ದವರು, ಮ್ಯಾನುಯಲ್‌ನಲ್ಲಿ ಒಪ್ಪಿಗೆ ಇದ್ರೆ, 5ಡಬ್ಲ್ಯೂ-40 ಹಾಕಿ ನೋಡಬಹುದು. ಅದಕ್ಕೂ ಮೇಲೆ ಹೋಗಬೇಡಿ.

ಪ್ರಶ್ನೆ: ಆಯಿಲ್ ಆದ ಪ್ಲಗ್ ತೊಳೆದು ವಾಪಸ್ ಹಾಕಬಹುದಾ?

ಉತ್ತರ: ಸಾದಾ ನಿಕಲ್ ಪ್ಲಗ್ ಆದ್ರೆ ಕಾರ್ಬ್ ಕ್ಲೀನರ್ ಹೊಡೆದು, ಬ್ರಷ್ ಮಾಡಿ, ಗಾಳಿ ಹೊಡೆದು ಒಣಗಿಸಿ ಹಾಕಿ, ಮನೆ ತಲುಪೋಕೆ ಸಾಕು. ಇರಿಡಿಯಂ, ಪ್ಲಾಟಿನಂಗೆ ವೈರ್ ಬ್ರಷ್ ಮುಟ್ಟಿಸಲೇಬೇಡಿ, ಆ ಸಣ್ಣ ತುದಿ ಹಾಳಾಗುತ್ತೆ. ಒಳಗಿನ ಪಿಂಗಾಣಿ ಮೇಲೆ ಪದರ ಗಾಜಿನ ಥರ ಗಟ್ಟಿಯಾಗಿ ಕೂತಿದ್ರೆ ತೊಳೆದು ಪ್ರಯೋಜನ ಇಲ್ಲ, ಎಸೀರಿ. ವಾಪಸ್ ಹಾಕೋವಾಗ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಟಾರ್ಕ್ ವ್ರೆಂಚ್. ಅಲ್ಯೂಮಿನಿಯಂ ಹೆಡ್‌ನಲ್ಲಿ ವಾಷರ್ ಇರೋ 14 ಎಂಎಂ ಪ್ಲಗ್‌ಗೆ ಸಾಮಾನ್ಯವಾಗಿ 25ರಿಂದ 30 ನ್ಯೂಟನ್ ಮೀಟರ್, ನಿಮ್ಮ ಮ್ಯಾನುಯಲ್ ಬೇರೆ ಹೇಳಿದ್ರೆ ಅದನ್ನೇ ಹಿಡಿಯಿರಿ, ಥ್ರೆಡ್‌ಗೆ ಗ್ರೀಸ್ ಗೀಸ್ ಹಚ್ಚಬೇಡಿ.