ಜೀವಕೋಶಗಳನ್ನು ಅಂಟಿಸಿರುವ ಗೋಂದು ಯಾವುದು?

ನೀವು ಕೇಳಿರುವುದು ಎರಡು ಮಾತು. ದೇಹದ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಗೋಂದು ಯಾವುದು? ಎಲ್ಲವೂ ಅಂಟಿಕೊಂಡೇ ಇದ್ದರೆ ಬಿಳಿ ರಕ್ತಕಣ ರಕ್ತನಾಳದಿಂದ ಹೊರಬರುವುದು ಹೇಗೆ? ಎರಡನೆಯ ಪ್ರಶ್ನೆಯಲ್ಲಿ ವಿಷಯದ ಮರ್ಮವೇ ಇದೆ. ಗೋಂದು ಒಣಗಿದರೆ ಮುಗಿಯಿತು. ಜೀವಕೋಶಕ್ಕೆ ಹಿಡಿಯಲೂ ಬರಬೇಕು, ಬಿಡಲೂ ಬರಬೇಕು.

ನಾನು ಕೆಲಸ ಮಾಡುವುದು ಕೋಶಗಳನ್ನು ಬೆಳೆಸುವ ಪ್ರಯೋಗಾಲಯದಲ್ಲಿ. ತಟ್ಟೆಯ ತಳಕ್ಕೆ ಕಚ್ಚಿಕೊಂಡು ಬೆಳೆದ ಕೋಶಗಳನ್ನು ಬಿಡಿಸಲು ಟ್ರಿಪ್ಸಿನ್ ಮತ್ತು ಇಡಿಟಿಎ ಬೆರೆತ ದ್ರವ ಹಾಕುತ್ತೇವೆ. ಟ್ರಿಪ್ಸಿನ್ ಪ್ರೋಟೀನುಗಳನ್ನು ಕತ್ತರಿಸುತ್ತದೆ, ಇಡಿಟಿಎ ಅಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಕೆಲವೇ ನಿಮಿಷಗಳಲ್ಲಿ, ಚಪ್ಪಟೆಯಾಗಿ ಹರಡಿಕೊಂಡಿದ್ದ ಕೋಶಗಳು ದುಂಡಗಾಗಿ ತೇಲತೊಡಗುತ್ತವೆ. ಹಿಡಿತಕ್ಕೆ ಪ್ರೋಟೀನೂ ಬೇಕು, ಲೋಹದ ಅಯಾನುಗಳೂ ಬೇಕು ಎಂಬುದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೇ ಕಾಣುತ್ತದೆ.

ಪಕ್ಕಪಕ್ಕದ ಕೋಶಗಳನ್ನು ಬೆಸೆಯುವ ಪ್ರೋಟೀನುಗಳಲ್ಲಿ ಹೆಸರುವಾಸಿಯಾದವು ಕ್ಯಾಡ್ಹೆರಿನ್‌ಗಳು. ಇವನ್ನು ಗುರುತಿಸಿದವರು ಜಪಾನಿನ ಮಸಾತೋಷಿ ತಾಕೇಯಿಚಿ. ಒಂದು ಕೋಶದ ಪೊರೆಯಿಂದ ಹೊರಚಾಚಿದ ಕ್ಯಾಡ್ಹೆರಿನ್ ನೆರೆಯ ಕೋಶದಲ್ಲಿ ಸಾಮಾನ್ಯವಾಗಿ ತನ್ನದೇ ಬಗೆಯದನ್ನು ಹುಡುಕಿ ಹಿಡಿಯುತ್ತದೆ. ಕ್ಯಾಲ್ಸಿಯಂ ಇದ್ದರಷ್ಟೇ ಅದು ನೆಟ್ಟಗೆ ನಿಲ್ಲುತ್ತದೆ. ಒಂದೊಂದು ಕೊಂಡಿಯೂ ದುರ್ಬಲ. ಬಲ ಬರುವುದು ಅನೇಕ ಕೊಂಡಿಗಳು ಗುಂಪುಗೂಡಿದಾಗ ಮತ್ತು ಕೋಶದ ಒಳಗೆ ಕ್ಯಾಟೆನಿನ್ ಎಂಬ ಪ್ರೋಟೀನುಗಳ ಮೂಲಕ, ಕೋಶಕ್ಕೆ ಚೌಕಟ್ಟಿನಂತಿರುವ ಆಕ್ಟಿನ್ ಎಳೆಗಳಿಗೆ ಕಟ್ಟಿಕೊಂಡಾಗ. ಇದೇ ಕುಟುಂಬದ ಡೆಸ್ಮೊಗ್ಲೀನ್ ಚರ್ಮದ ಕೋಶಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಪೆಂಫಿಗಸ್ ಎಂಬ ಕಾಯಿಲೆಯಲ್ಲಿ ದೇಹದ ಪ್ರತಿಕಾಯಗಳೇ ಅದರ ಮೇಲೆ ಎರಗುವುದರಿಂದ ಚರ್ಮದ ಕೋಶಗಳು ಪರಸ್ಪರ ಕಳಚಿಕೊಂಡು ಗುಳ್ಳೆಗಳೇಳುತ್ತವೆ.

ಕೋಶದ ಸುತ್ತಲಿನ ಕೊಲಾಜನ್, ಫೈಬ್ರೊನೆಕ್ಟಿನ್‌ನಂಥ ಪ್ರೋಟೀನು ನಾರುಗಳನ್ನು ಹಿಡಿಯುವ ಕೆಲಸ ಪೊರೆಯಲ್ಲಿರುವ ಇಂಟೆಗ್ರಿನ್ ಎಂಬ ಪ್ರೋಟೀನುಗಳದು. ಆಲ್ಫಾ, ಬೀಟಾ ಎಂಬ ಎರಡು ಭಾಗ ಸೇರಿ ಒಂದು ಇಂಟೆಗ್ರಿನ್. ಮನುಷ್ಯರಲ್ಲಿ ಇಂಥ 24 ಜೋಡಿಗಳಿವೆ. ಇವುಗಳ ಬಗ್ಗೆ ಎಷ್ಟು ಓದಿದರೂ ನನ್ನ ಬೆರಗು ತಗ್ಗಿಲ್ಲ. ಸುಮ್ಮನಿರುವಾಗ ಇಂಟೆಗ್ರಿನ್ ಬಾಗಿ ಮಡಚಿಕೊಂಡಿರುತ್ತದೆ. ಕೋಶದೊಳಗಿನ ಟ್ಯಾಲಿನ್ ಎಂಬ ಪ್ರೋಟೀನು ಅದರ ಬಾಲಕ್ಕೆ ಬಂದು ಕೂಡಿದಾಗ ನೆಟ್ಟಗಾಗಿ ಹೊರಗಿನದನ್ನು ಗಟ್ಟಿಯಾಗಿ ಹಿಡಿಯುತ್ತದೆ. ಹಿಡಿದ ಮೇಲೆ ಸುದ್ದಿ ಒಳಮುಖವಾಗಿಯೂ ಹರಿಯುತ್ತದೆ: ತಳ ಗಟ್ಟಿಯೋ ಮೆದುವೋ, ಬದುಕಬೇಕೋ ಬೇಡವೋ. ನೆಲೆ ತಪ್ಪಿದ ಎಷ್ಟೋ ಕೋಶಗಳು ತಮ್ಮನ್ನು ತಾವೇ ಕೊನೆಗಾಣಿಸಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳು ದೂರದ ಅಂಗಗಳಿಗೆ ಹರಡಬಲ್ಲವಾಗಲು ಈ ಕಟ್ಟಳೆಯನ್ನು ಮೀರಿ ಬದುಕುಳಿಯುವುದೂ ಒಂದು ಕಾರಣ.

ಇನ್ನು ಬಿಳಿ ರಕ್ತಕಣ. ಸೋಂಕು ತಗುಲಿದ ಜಾಗದಲ್ಲಿ ರಕ್ತನಾಳದ ಒಳಗೋಡೆ ಸೆಲೆಕ್ಟಿನ್ ಎಂಬ ಪ್ರೋಟೀನನ್ನು ಹೊರಗೆ ಚಾಚುತ್ತದೆ. ಅದು ರಕ್ತಕಣದ ಮೇಲ್ಮೈಯ ಸಕ್ಕರೆಯ ಸರಪಳಿಗಳನ್ನು ಹಿಡಿಯುತ್ತದೆ, ಆದರೆ ಮರುಕ್ಷಣವೇ ಬಿಡುತ್ತದೆ. ಹೀಗೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು, ರಭಸದಲ್ಲಿ ಸಾಗುತ್ತಿದ್ದ ಕಣ ಗೋಡೆಯ ಗುಂಟ ನಿಧಾನವಾಗಿ ಉರುಳುತ್ತದೆ. ಅಲ್ಲಿ ಸಿಗುವ ರಾಸಾಯನಿಕ ಸೂಚನೆಗಳು ಅದರ ಇಂಟೆಗ್ರಿನ್‌ಗಳನ್ನು ಎಬ್ಬಿಸುತ್ತವೆ. ಕಣ ಗಕ್ಕನೆ ನಿಲ್ಲುತ್ತದೆ, ಹರಡಿಕೊಳ್ಳುತ್ತದೆ, ಬಹುಪಾಲು ಗೋಡೆಯ ಕೋಶಗಳ ಸಂದಿನಲ್ಲೇ ನುಸುಳಿ ಹೊರಬೀಳುತ್ತದೆ. ಸಂದಿನ ಕ್ಯಾಡ್ಹೆರಿನ್‌ಗಳು ಆ ಹೊತ್ತಿಗೆ ಸಡಿಲಗೊಂಡು, ಕಣ ದಾಟಿದ ಮೇಲೆ ಮತ್ತೆ ಕೂಡಿಕೊಳ್ಳುತ್ತವೆ.

ಇದು ಎಷ್ಟು ಅಗತ್ಯ ಎಂಬುದಕ್ಕೆ ಒಂದು ಅಪರೂಪದ ಆನುವಂಶಿಕ ಕಾಯಿಲೆಯೇ ಸಾಕ್ಷಿ. ಬಿಳಿ ರಕ್ತಕಣಗಳಲ್ಲಿರುವ ಬೀಟಾ-2 ಎಂಬ ಬಗೆಯ ಇಂಟೆಗ್ರಿನ್ ಸರಿಯಾಗಿ ತಯಾರಾಗದ ಶಿಶುಗಳ ರಕ್ತದಲ್ಲಿ ಬಿಳಿ ರಕ್ತಕಣಗಳು ವಾಡಿಕೆಗಿಂತ ಹೆಚ್ಚೇ ಇರುತ್ತವೆ. ಆದರೆ ಅವು ನಾಳದಿಂದ ಹೊರಬರಲಾರವು. ಸೋಂಕು ಮರುಕಳಿಸುತ್ತಲೇ ಇರುತ್ತದೆ, ಕೀವು ಮಾತ್ರ ಕಟ್ಟುವುದಿಲ್ಲ. ಹೊಕ್ಕುಳಬಳ್ಳಿ ಉದುರುವುದೂ ತಡವಾಗುತ್ತದೆ. ತೀವ್ರವಾಗಿದ್ದರೆ ಮೂಳೆಮಜ್ಜೆಯ ಕಸಿ ಮಾಡಿ, ಹಿಡಿಯಬಲ್ಲ ಹೊಸ ಕಣಗಳು ಹುಟ್ಟುವಂತೆ ಮಾಡುತ್ತಾರೆ.