ಮಗನ ಬಳಪ ಕದ್ದು ತಿನ್ನುತ್ತೇನೆ, ನನಗೆ ಹುಚ್ಚಾ?

ಅಕ್ಕಾ, ನಾನು ಇಂಡಿ ತಾಲ್ಲೂಕಿನವಳು. ವಯಸ್ಸು 31. ವರ್ಷದಿಂದ ಬಳಪ ತಿನ್ನುವ ಚಟ ಹತ್ತಿದೆ. ಮೊದಲು ಮಗನ ಪಾಟಿಚೀಲದಿಂದ ಒಂದೆರಡು ತುಂಡು. ಈಗ ಡಬ್ಬಿಗಟ್ಟಲೆ ತರಿಸಿ ಅಕ್ಕಿಯೊಳಗೆ ಹುದುಗಿಸಿಡುತ್ತೇನೆ. ಹೋದ ವಾರ ಅತ್ತೆ ನೋಡಿಬಿಟ್ಟರು. ‘ಬಸುರಿದ್ದಾಗ ತಿಂದರ ಬಯಕಿ ಅನಬಹುದು, ಈಗೇನಿದು? ನಿನ್ನ ಗಂಡಗ ಹೇಳ್ತೀನಿ’ ಅಂದರು. ಮಗನ ತಲೆ ಮುಟ್ಟಿ ಆಣೆ ಮಾಡಿದೆ, ಎರಡೇ ದಿನಕ್ಕೆ ಮುರಿದೆ. ಗಂಡನಿಗೆ ನಾನೇ ಹೇಳಲಾ? ಈಗೀಗ ಮುಟ್ಟು ಎಂಟು ದಿನ ಹೋಗುತ್ತೆ, ಮೆಟ್ಟಿಲು ಹತ್ತಿದರೆ ತೇಕು ಬರುತ್ತೆ, ಕೆಲಸವೇ ಸಾಗಲ್ಲ.

ತಂಗೀ,

ಹುಚ್ಚಲ್ಲ. ಆಣೆ ಮುರಿದೆ ಅಂತ ಅಳುತ್ತಾ ಕೂರಬೇಡ. ಆಣೆಗೆ ಬಗ್ಗುವ ವಿಷಯವೇ ಅಲ್ಲ ಇದು.

ಆಹಾರ ಅಲ್ಲದ್ದನ್ನು ತಿಂಗಳುಗಟ್ಟಲೆ ತಿನ್ನುತ್ತಿದ್ದರೆ ವೈದ್ಯರು ಅದನ್ನು ‘ಪೈಕಾ’ ಅಂತಾರೆ. ಬಳಪ, ಕೆಮ್ಮಣ್ಣು, ಗೋಡೆಯ ಸುಣ್ಣ, ಬೂದಿ. ಕೆಲವರಿಗೆ ದಿನವಿಡೀ ಐಸು ಕಡಿಯಬೇಕು, ಕೆಲವರಿಗೆ ಹಸಿ ಅಕ್ಕಿ ಮುಕ್ಕಬೇಕು. ಅಕ್ಕಿ ಮುಕ್ಕಿದರೆ ಮದುವೆ ದಿನ ಮಳೆ ಬರುತ್ತೆ ಅಂತ ಹಿರಿಯರು ಹೆದರಿಸುತ್ತಿದ್ದರಲ್ಲ, ಮುಕ್ಕುವ ಹುಡುಗಿಯರು ಅಷ್ಟು ಜನ ಇದ್ದರು ಅಂತಲೇ ಅಲ್ವಾ?

ನೀನು ಕೊನೆಗೆ ಹಾಗೇ ಬರೆದುಬಿಟ್ಟ ಸಾಲೇ ನನಗೆ ಮುಖ್ಯ ಅನ್ನಿಸಿತು. ಎಂಟು ದಿನ ಮುಟ್ಟು, ಮೇಲೆ ತೇಕು. ರಕ್ತ ಹೋದಷ್ಟೂ ಮೈಯ ಕಬ್ಬಿಣದ ಅಂಶ ಹೋಗುತ್ತೆ. ಕಬ್ಬಿಣ ಕಡಿಮೆ ಆದವರಲ್ಲಿ ಇಂಥ ಬಯಕೆ ಜಾಸ್ತಿ. ಮೈಗೆ ಬೇಕಾಗಿದ್ದಕ್ಕೇ ಬಳಪ ಕೇಳುತ್ತೆ ಅಂತ ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡ. ಬಳಪದಿಂದ ಆ ಕೊರತೆ ತುಂಬಲ್ಲ. ಕೆಲವು ಬಗೆಯ ಮಣ್ಣಂತೂ ಹೊಟ್ಟೆಯಲ್ಲೇ ಕಬ್ಬಿಣವನ್ನು ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತೆ. ಮಣ್ಣಿನ ಜೊತೆ ಜಂತುಹುಳದ ಮೊಟ್ಟೆ, ಸೀಸ ಹೊಟ್ಟೆಗೆ ಹೋಗುವ ಭಯ ಬೇರೆ.

ಕಬ್ಬಿಣ ಕಡಿಮೆಯಾದರೆ ರಕ್ತಹೀನತೆ ಬರುತ್ತೆ. ನಿನಗೆ ಅದಿದ್ದರೂ ನಿನ್ನೊಬ್ಬಳದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 57 ಮಂದಿಗೆ ಅದು ಇತ್ತು.

ಹಿಮೋಗ್ಲೋಬಿನ್ ನೋಡಿಸು. ಬಸುರಿಯಲ್ಲದ ಹೆಂಗಸಿಗೆ ಕಡಿಮೆ ಅಂದರೂ 12 ಗ್ರಾಂ ಇರಬೇಕು. ಅದು ಸರಿ ಬಂದರೂ ಫೆರಿಟಿನ್ ಪರೀಕ್ಷೆ ಕೇಳು, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ಅದರಿಂದ ತಿಳಿಯುತ್ತೆ. ಕೊರತೆ ಇದ್ದರೆ ಗುಳಿಗೆ ಕೊಡುತ್ತಾರೆ. ಮಲ ಕಪ್ಪಗಾಗುತ್ತೆ, ಗಾಬರಿ ಬೀಳಬೇಡ. ಎಷ್ಟೋ ಜನಕ್ಕೆ ಕೆಲವೇ ವಾರದಲ್ಲಿ ಬಳಪದ ಆಸೆ ತಾನಾಗೇ ಇಳಿಯುತ್ತೆ. ಆಗ ‘ಹುಷಾರಾದೆ’ ಅಂತ ಗುಳಿಗೆ ಬಿಟ್ಟುಬಿಡುತ್ತಾರೆ, ಅಲ್ಲೇ ತಪ್ಪೋದು. ವೈದ್ಯರು ಹೇಳಿದಷ್ಟು ತಿಂಗಳು ನುಂಗಲೇಬೇಕು. ಮುಟ್ಟು ಯಾಕೆ ಜಾಸ್ತಿ ಹೋಗುತ್ತೆ ಅಂತಲೂ ನೋಡಿಸು. ಇಲ್ಲದಿದ್ದರೆ ತಳ ಸೋರುವ ಕೊಡಕ್ಕೆ ನೀರು ಹೊಯ್ದಂತೆ.

ಊಟ ಆದ ಕೂಡಲೇ ಚಹಾ ಬೇಡ, ಕಬ್ಬಿಣ ಮೈಗೆ ಹತ್ತಲು ಬಿಡಲ್ಲ. ಮೆಂತ್ಯಪಲ್ಯ, ಹೆಸರುಕಾಳಿಗೆ ಲಿಂಬೆ ಹಿಂಡಿಕೋ, ಚೆನ್ನಾಗಿ ಹತ್ತುತ್ತೆ. ಇಂಡಿಯವಳಿಗೆ ಲಿಂಬೆಗೇನು ಬರ!

ಗಂಡನಿಗೆ ನೀನೇ ಹೇಳು. ಅತ್ತೆ ಹೇಳುವ ಮುಂಚೆ, ಇವತ್ತೇ. ತಪ್ಪೊಪ್ಪಿಕೊಳ್ಳುವ ಹಾಗೆ ಬೇಡ. ‘ರಕ್ತ ಕಡಿಮಿ ಆಗಿರಬೇಕು ರೀ, ಬಳಪ ತಿನಬೇಕು ಅನಸ್ತದ, ನಾಳೆ ದವಾಖಾನಿಗೆ ಹೋಗೂಣು’ ಅಂದರೆ ಸಾಕು. ಅತ್ತೆಯನ್ನೂ ಕರೆದುಕೊಂಡು ಹೋಗು. ಬಯಕೆ ಅಂದರೇನು ಅಂತ ಬಲ್ಲವರು, ಡಾಕ್ಟರ್ ಬಾಯಿಂದ ಕೇಳಿದರೆ ನಿನ್ನ ಕಡೆಗೇ ಬರಬಹುದು.

ಡಾಕ್ಟರ್ ಮುಂದೆ ಬರೀ ‘ಸುಸ್ತು’ ಅಂತ ಹೇಳಿ ಎದ್ದು ಬರಬೇಡ, ಬಳಪದ ವಿಷಯ ಬಾಯಿಬಿಟ್ಟು ಹೇಳು. ಹೊಟ್ಟೆನೋವು, ಮಲಬದ್ಧತೆ ಇದ್ದರೆ ಅದನ್ನೂ ಹೇಳು. ಎಲ್ಲ ವರದಿ ಸರಿ ಇದ್ದೂ ಆಸೆ ಹೋಗದಿದ್ದರೆ ಮನೋವೈದ್ಯರನ್ನು ಕಾಣು. ಮನಸ್ಸಿನ ಒತ್ತಡದಿಂದಲೂ ಇದು ಬರುತ್ತೆ, ಅದಕ್ಕೂ ಚಿಕಿತ್ಸೆ ಇದೆ.